ತೋಟದ ಮರ, ಮನೆಯ ಮಾಡು



ಮನೆ ಕಟ್ಟಲು ಸಾಲ ಕೇಳಿ ನಮ್ಮ ಸಂಘಕ್ಕೆ ಬರುವ ಅರ್ಜಿಗಳ ಜೊತೆಗೆ ಒಂದು ಅಂದಾಜು ಪಟ್ಟಿ ಇರುತ್ತದೆ. ಸಿಮೆಂಟು ಇಷ್ಟು ಚೀಲ, ಕಬ್ಬಿಣ ಇಷ್ಟು ಕ್ವಿಂಟಾಲು, ಜಲ್ಲಿ ಮತ್ತು ಎಂ-ಸ್ಯಾಂಡ್ ಇಷ್ಟು ಲೋಡು. ಮರದ ಬಾಬ್ತು ಕೊನೆಯಲ್ಲಿ ಒಂದೇ ಸಾಲು, ಮುಂಬಾಗಿಲು ಮತ್ತು ದಾರಂದ. ಅದೇ ಸದಸ್ಯರ ತೋಟದಿಂದ ಅದೇ ವರ್ಷ ಸಿಲ್ವರ್ ಓಕ್ ದಿಮ್ಮಿಗಳು ಪ್ಲೈವುಡ್ ಕಾರ್ಖಾನೆಗೆ ಲಾರಿ ಹತ್ತಿ ಹೋಗಿರುತ್ತವೆ. ಮರ ಇಳಿದ ದಾರಿಯಲ್ಲೇ ಸಿಮೆಂಟು ಮೇಲೆ ಬರುತ್ತದೆ. ಈ ವಿನಿಮಯದಿಂದ ನಮ್ಮ ನೆಲ, ನೀರು, ಗಾಳಿಗೆ ಏನಾಗುತ್ತದೆಂಬುದನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ಸದಸ್ಯರ ಮುಂದಿಡಬಯಸುತ್ತೇವೆ. ಮರ ಸಂಸ್ಕರಣೆಗೆ ಸಂಘದಿಂದಲೇ ಒಂದು ತೊಟ್ಟಿ ಕಟ್ಟಿಸುವ ಸಲಹೆಯು ಮುಂದಿನ ಸರ್ವಸದಸ್ಯರ ಸಭೆಗೆ ಬರಲಿದೆ. ಆ ಚರ್ಚೆಗೆ ಬರುವ ಮೊದಲು ಸದಸ್ಯರು ಇದನ್ನು ಓದಿಕೊಂಡಿದ್ದರೆ ಅನುಕೂಲ.

ಮರದೊಳಗೆ ಕೂತ ಗಾಳಿ

ಮರವು ತನ್ನ ಮೈಯನ್ನು ಬಹುಪಾಲು ಗಾಳಿಯಿಂದಲೇ ಕಟ್ಟಿಕೊಳ್ಳುತ್ತದೆ. ಎಲೆಯು ಇಂಗಾಲದ ಡೈ ಆಕ್ಸೈಡನ್ನು ಹೀರುತ್ತದೆ, ಅದರಲ್ಲಿರುವ ಇಂಗಾಲ ಕಾಂಡದಲ್ಲಿ ಉಳಿಯುತ್ತದೆ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವೇ. ಒಂದು ಕಿಲೋ ಇಂಗಾಲ ಕಾಂಡದಲ್ಲಿ ಕೂರಬೇಕಾದರೆ ಮರವು ಗಾಳಿಯಿಂದ 3.67 ಕಿಲೋ ಡೈ ಆಕ್ಸೈಡು ತೆಗೆದಿರಬೇಕು. ಒಂದು ಘನ ಅಡಿ ಸಿಲ್ವರ್ ಓಕ್ ಒಣಗಿದ ಮೇಲೆ ಸುಮಾರು 15 ಕಿಲೋ ತೂಗುತ್ತದೆಂದು ಹಿಡಿದರೆ, ಅದರೊಳಗೆ ಗಾಳಿಯಿಂದ ಬಂದ 25 ಕಿಲೋಗೂ ಮೀರಿದ ಡೈ ಆಕ್ಸೈಡಿನ ಇಂಗಾಲ ಅಡಗಿದೆ ಎಂದಾಯಿತು.

ಸಿಮೆಂಟಿನ ಕಥೆ ಇದಕ್ಕೆ ತಿರುಗುಮುರುಗು. ಸುಣ್ಣದ ಕಲ್ಲನ್ನು 1,400 ಡಿಗ್ರಿಗೂ ಮೀರಿದ ಉರಿಯಲ್ಲಿ ಸುಡುವಾಗ ಕಲ್ಲಿನೊಳಗಿನ ಡೈ ಆಕ್ಸೈಡು ಹೊರಬೀಳುತ್ತದೆ, ಉರಿಗೆ ಹಾಕಿದ ಕಲ್ಲಿದ್ದಲಿನದ್ದು ಅದಕ್ಕೆ ಸೇರುತ್ತದೆ. 50 ಕಿಲೋ ಚೀಲವೊಂದಕ್ಕೆ 30ರಿಂದ 40 ಕಿಲೋ ಎಂದು ಲೆಕ್ಕ. ಪ್ರಪಂಚದಲ್ಲಿ ಮನುಷ್ಯನ ಕೆಲಸಗಳಿಂದ ಹೊರಬೀಳುವ ಡೈ ಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೇ. ಕಬ್ಬಿಣವಂತೂ ಟನ್ನಿಗೆ ಎರಡು ಟನ್ನಿಗೂ ಹೆಚ್ಚು ಉಗುಳುತ್ತದೆ.

ನಮ್ಮ ಮನೆಗೆ ತಂದು ನೋಡೋಣ. ಸಾವಿರ ಚದರ ಅಡಿಯ ತಾರಸಿಗೆ ಐದು ಇಂಚು ದಪ್ಪ ಹಿಡಿದರೆ ಸುಮಾರು 12 ಘನ ಮೀಟರ್ ಕಾಂಕ್ರೀಟು ಬೇಕು. ಮೀಟರಿಗೆ 8 ಚೀಲದಂತೆ 95 ಚೀಲ ಸಿಮೆಂಟು, ಜೊತೆಗೆ ಟನ್ನಿನಷ್ಟು ಕಬ್ಬಿಣ. ಎರಡೂ ಸೇರಿ ಐದು ಟನ್ನಿಗೆ ಮೀರಿದ ಡೈ ಆಕ್ಸೈಡು ಗಾಳಿಗೆ ಸೇರಿತು. ಅಷ್ಟೇ ವಿಸ್ತಾರಕ್ಕೆ ಹೆಂಚಿನ ಮಾಡು ಹಾಕಿ, ತೊಲೆ, ಪಕ್ಕಾಸು, ರೀಪು ಎಲ್ಲ ಸೇರಿ 150 ಘನ ಅಡಿ ಮರ ಹೋಯಿತೆನ್ನಿ. ಅದರೊಳಗೆ ಮೂರೂವರೆ ಟನ್ನಿಗೂ ಹೆಚ್ಚು ಕೂತಿರುತ್ತದೆ. ಮರ ಕೊಯ್ಯುವ ಮಿಲ್ಲಿನ ಕರೆಂಟು, ಲಾರಿಯ ಡೀಸೆಲ್, ಹೆಂಚು ಸುಟ್ಟ ಸೌದೆ ಇವನ್ನೆಲ್ಲ ಕಳೆಯಬೇಕು, ನಿಜ. ಹಳೆ ಮನೆಯ ಮಂಗಳೂರು ಹೆಂಚನ್ನೇ ತೊಳೆದು ಹಾಕಿದರೆ ಆ ಕೊನೆಯ ಬಾಬ್ತು ಇಲ್ಲವೇ ಇಲ್ಲ.

ಈ ಲೆಕ್ಕಕ್ಕೆ ಎರಡು ಷರತ್ತುಗಳಿವೆ, ಅವನ್ನು ಮರೆಯತಕ್ಕದ್ದಲ್ಲ. ಮರವು ಮರವಾಗಿ ಇರುವಷ್ಟು ಕಾಲ ಮಾತ್ರ ಇಂಗಾಲ ಅದರೊಳಗೆ ಇರುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯಾಗಿ ಹೋಗಿ ಮರುವರ್ಷ ಒಲೆ ಸೇರಿದರೆ ಗಾಳಿಯದು ಗಾಳಿಗೇ ಹೋಯಿತು. ಮನೆಯ ಪಕ್ಕಾಸಾದರೆ ಅರವತ್ತು, ಎಂಬತ್ತು ವರ್ಷ ಇದ್ದೀತು. ಎರಡನೆಯದು, ಕಡಿದ ಜಾಗದಲ್ಲಿ ಗಿಡ ನೆಡಬೇಕು. ನೆಡದಿದ್ದರೆ ಇದು ಬೆಳೆಯಲ್ಲ, ಬರೀ ಕೊಳ್ಳೆ.

"ಮರ ಕಡಿಯಬಾರದಲ್ಲವೇ?"

ಈ ಪ್ರಶ್ನೆಯನ್ನು ಕೇಳುವವರಿದ್ದಾರೆ, ಕೇಳಬೇಕಾದ್ದೇ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ನುಗ್ಗಿ ಮರ ಅಪ್ಪಿಕೊಂಡು ನಿಂತಾಗ ಅವರಲ್ಲಿ ಬಹಳ ಮಂದಿ ನಮ್ಮಂತೆಯೇ ಅಡಿಕೆ ಬೆಳೆಗಾರರು. ಕಾಡು ಹೋದರೆ ಸೊಪ್ಪಿಲ್ಲ, ನೀರಿಲ್ಲ, ತೋಟವಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಅಪ್ಪಿಕೋ ಚಳವಳಿಯ ಘೋಷಣೆಯಲ್ಲಿ ಉಳಿಸು, ಬೆಳೆಸು ಎಂಬುದರ ಜೊತೆ ಬಳಸು ಎಂಬ ಮೂರನೆಯ ಮಾತೂ ಇತ್ತು. ಈ ಮೂರನೆಯದನ್ನು ನಾಡು ಬೇಗ ಮರೆಯಿತು. ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರ ಬಳಸುವುದನ್ನೇ ನಿಷೇಧಿಸಿತು. 1996ರಲ್ಲಿ ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆ ಬಂದ ಮೇಲೆ ಕಾಡಿನ ಮರಕ್ಕೂ ಮರದ ಮಿಲ್ಲುಗಳಿಗೂ ಬಿಗಿ ಕಡಿವಾಣ ಬಿತ್ತು. ಕಾಡಿನ ಮಟ್ಟಿಗೆ ಅದು ಬೇಕಾಗಿದ್ದೇ. ಆದರೆ ಜನರ ಮನಸ್ಸಿನಲ್ಲಿ ಮರ ಬಳಸುವುದೇ ಪಾಪವೆಂದು ಕೂತುಬಿಟ್ಟಿತು. ಮರದ ಬದಲು ಬಂದ ಸಿಮೆಂಟಿಗಾಗಿ ಎಲ್ಲೋ ಒಂದು ಸುಣ್ಣಕಲ್ಲಿನ ಗುಡ್ಡ ಕರಗಿತು, ಮರಳಿಗಾಗಿ ತುಂಗೆ, ಭದ್ರೆಯಂಥ ಹೊಳೆಗಳ ತಳ ಕಿತ್ತರು. ಅದನ್ನು ಯಾರೂ ಅಪ್ಪಿಕೊಳ್ಳಲಿಲ್ಲ!

ಅದೇ ಇಲಾಖೆ 2020ರಲ್ಲಿ ಆ ನಿಷೇಧವನ್ನು ಹಿಂತೆಗೆದುಕೊಂಡಿತು. ಹೊರದೇಶಗಳಲ್ಲಿ ಇದು ಇನ್ನೂ ಮುಂದೆ ಹೋಗಿದೆ. ನಾರ್ವೆಯ ಬ್ರುಮುಂಡಾಲ್ ಎಂಬಲ್ಲಿ ಪದರ ಪದರ ಅಂಟಿಸಿದ ಮರದಿಂದಲೇ 18 ಅಂತಸ್ತಿನ, 85 ಮೀಟರಿಗೂ ಎತ್ತರದ ಕಟ್ಟಡವೊಂದು 2019ರಲ್ಲಿ ಎದ್ದಿದೆ. ಅಲ್ಲೆಲ್ಲ ಈಗ ಕೇಳುವ ಪ್ರಶ್ನೆ, ಮರ ಎಲ್ಲಿಂದ ಬಂತು ಎಂಬುದು. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಕಾನೂನು ಮರಕ್ಕೂ ನಮ್ಮ ಕಾಫಿಗೂ ಇದೇ ಪ್ರಶ್ನೆ ಹಾಕುತ್ತದೆ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಿಂದ ಬಂದದ್ದೋ ಹೇಗೆ? ನೆಟ್ಟು ಬೆಳೆಸಿದ ತೋಟದ ಮರಕ್ಕೆ ಈ ಪ್ರಶ್ನೆಯ ಹೆದರಿಕೆ ಇಲ್ಲ.

ನಮ್ಮಲ್ಲಿರುವ ಮರ

ಹಾಗಾದರೆ ನಮ್ಮಲ್ಲಿ ಏನಿದೆ? ಮೊದಲನೆಯದು ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ನೆರಳಿಗೆಂದು ಬಂದ ಈ ಮರವನ್ನು ಕಡಿಯಲು 1976ರ ಮರ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಬೇಕಿಲ್ಲ. ನೆಟ್ಟಗೆ ಬೆಳೆಯುತ್ತದೆ, ಕೊಯ್ಯಲು ಸುಲಭ, ಹಲಗೆಯಲ್ಲಿ ಬೆಳ್ಳಿಯ ಮಿಂಚಿನಂಥ ಗೆರೆಗಳು ಕಾಣುತ್ತವೆ. ಪಕ್ಕಾಸು, ಮುಚ್ಚಿಗೆಯ ಹಲಗೆ, ಒಳಬಾಗಿಲುಗಳಿಗೆ ಸಾಕಷ್ಟಾಯಿತು. ದೊಡ್ಡ ಅಂತರದ ತೊಲೆಗೆ ಅದನ್ನು ನಂಬಬಾರದು. ಮೆಣಸಿನ ಬಳ್ಳಿ ಹಬ್ಬಿದ ಮರಕ್ಕೆ ಕೊಡಲಿ ಹಾಕಿರೆಂದು ನಾವು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳಲಾರರು. ಒತ್ತಾಗಿ ನೆಟ್ಟ ಕಡೆ ಹೇಗೂ ತೆಗೆಯಬೇಕಾದ ಮರಗಳ ಮಾತು ಇದು.

ಇಲ್ಲಿ ಒಂದು ಎಚ್ಚರಿಕೆ. ಸಿಲ್ವರ್ ಓಕಿಗೆ ಬೆಲೆ ಇದೆಯೆಂದು ಕಾಡುಜಾತಿಯ ನೆರಳು ಮರಗಳನ್ನು ತೆಗೆಸಿ ಇಡೀ ತೋಟಕ್ಕೆ ಅದನ್ನೇ ತುಂಬಿಸುವವರಿದ್ದಾರೆ. ಅತ್ತಿ, ಬಸರಿ, ನಂದಿ, ಮತ್ತಿ ಇದ್ದ ತೋಟದಲ್ಲಿ ಇರುವ ಹಕ್ಕಿ, ಜೇನು, ಎಲೆಗೊಬ್ಬರ ಒಂದೇ ಜಾತಿಯ ಸಾಲಿನಲ್ಲಿ ಇರುವುದಿಲ್ಲ. ನೆರಳು ತೆಳುವಾದ ಅರೇಬಿಕಾ ತೋಟಕ್ಕೆ ಬಿಳಿ ಕಾಂಡಕೊರಕ ಬೀಳುವುದನ್ನು ಬಹುಮಂದಿ ಅನುಭವಿಸಿಯೇ ಇದ್ದೀರಿ. ಪರಿಸರದ ಹೆಸರಿನಲ್ಲಿ ಮರದ ಮನೆ ಕಟ್ಟಲು ಹೋಗಿ ತೋಟವನ್ನು ಬೋಳು ಮಾಡುವುದು ಬುದ್ಧಿವಂತಿಕೆಯಲ್ಲ.

ಹಲಸು ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮೇಲು. ಬಲಿತ ಮರದ ಹಳದಿ ಕೆಚ್ಚನ್ನು ಒರಲೆ ಅಷ್ಟು ಸುಲಭವಾಗಿ ಮುಟ್ಟುವುದಿಲ್ಲ. ವೀಣೆ ಮಾಡುವವರು ಅದನ್ನೇ ಹುಡುಕುತ್ತಾರೆಂದರೆ ಅದರ ಗುಣ ಹೇಳಬೇಕಾಗಿಲ್ಲ. ಕಂಬಕ್ಕೆ, ದಾರಂದಕ್ಕೆ ಹೊರಗಿನ ಮರ ಕೊಳ್ಳುವ ಮೊದಲು ಹಿತ್ತಲಿನ ಹಣ್ಣು ಬಿಡದ ಹಳೆ ಹಲಸನ್ನು ನೋಡಿರಿ. ಆದರೆ ಸಿಲ್ವರ್ ಓಕಿನ ರಿಯಾಯಿತಿ ಎಲ್ಲ ಮರಕ್ಕೂ ಇದೆಯೆಂದು ತಿಳಿಯಬಾರದು. ಬೇರೆ ಯಾವುದಕ್ಕೇ ಕೊಡಲಿ ಇಡುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಬೀಟೆಯ ಸುದ್ದಿಗಂತೂ ಹೋಗಲೇಬೇಡಿ.

ಮೂರನೆಯದು ಅಡಿಕೆ ಮರ. ಹಳದಿ ಎಲೆ ರೋಗ ಹಿಡಿದ ಶೃಂಗೇರಿ, ಕೊಪ್ಪದ ಕಡೆಯ ತೋಟಗಳಲ್ಲಿ ಸತ್ತ ಮರಗಳನ್ನು ಕಡಿದು ಬದುವಿನಲ್ಲಿ ಕೊಳೆಯಲು ಬಿಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಬೆಳೆ ಹೋಯಿತು, ಮರವಾದರೂ ಉಪಯೋಗಕ್ಕೆ ಬರಲಿ. ಅಡಿಕೆ ಮರದ ಹೊರಸುತ್ತು ಮಾತ್ರ ಗಟ್ಟಿ, ಒಳಗೆಲ್ಲ ನಾರಿನ ಬೆಂಡು. ಹಳೆ ಮರದ ಬುಡದ ಭಾಗವನ್ನು ಸೀಳಿ ಬೆಂಡು ಕೆತ್ತಿ ತೆಗೆದರೆ ಒಳ್ಳೆಯ ರೀಪು, ದಬ್ಬೆ ಸಿಗುತ್ತವೆ. ತುದಿಯ ಕಡೆಯದೂ ಎಳೆ ಮರದ್ದೂ ಪ್ರಯೋಜನವಿಲ್ಲ.

ಹುಳು, ಒರಲೆ, ಮಳೆ

"ಸಿಲ್ವರ್ ಓಕಾ? ಎರಡು ವರ್ಷದಲ್ಲಿ ಹಿಟ್ಟು" ಎಂದು ಸದಸ್ಯರು ನಗುತ್ತಾರೆ. ಹಸಿ ಮರ ತಂದು ಹಾಗೇ ಹೊಡೆದರೆ ಹಿಟ್ಟಾಗುವುದು ನಿಜ. ಹಲಗೆಯ ಬಿಳಿ ಭಾಗದಲ್ಲಿರುವ ಪಿಷ್ಟಕ್ಕೆ ಕುಟ್ಟೆ ಹುಳು ಬೀಳುತ್ತದೆ. ನಮ್ಮ ಹಿರಿಯರು ಮರವನ್ನೂ ಬಿದಿರನ್ನೂ ಕೆರೆಯಲ್ಲಿ ವಾರಗಟ್ಟಲೆ ಮುಳುಗಿಸಿಡುತ್ತಿದ್ದುದು ಈ ಪಿಷ್ಟ ಕರಗಿಹೋಗಲೆಂದೇ. ಅವರ ಕಾಲದಲ್ಲಿ ಇನ್ನೊಂದು ರಕ್ಷಣೆಯೂ ಇತ್ತು, ಅಡಿಗೆ ಒಲೆಯ ಹೊಗೆ. ದಿನಬೆಳಗಾದರೆ ಅಟ್ಟಕ್ಕೆ ಹೊಗೆ ಏರಿ ಮಾಡಿನ ಮರವೆಲ್ಲ ಕಪ್ಪಾಗಿ ಹುಳು ದೂರ ಇರುತ್ತಿತ್ತು. ಗ್ಯಾಸು ಬಂದ ಮೇಲೆ ಹೆಂಗಸರ ಕಣ್ಣು, ಶ್ವಾಸ ಉಳಿಯಿತು, ಅದು ದೊಡ್ಡ ಲಾಭ. ಮರಕ್ಕೆ ಮಾತ್ರ ಬೇರೆ ಕಾವಲು ಬೇಕಾಯಿತು.

ಆ ಕಾವಲು ನಮಗೆ ಹೊಸದೇನಲ್ಲ. ಅಡಿಕೆಗೆ ಬೋರಾನ್ ಕೊರತೆಗೆಂದು ಹಾಕುವ ಬೋರಾಕ್ಸೇ ಅದು. ಬೋರಿಕ್ ಆಮ್ಲ ಒಂದು ಪಾಲು, ಬೋರಾಕ್ಸ್ ಒಂದೂವರೆ ಪಾಲು ನೀರಿನಲ್ಲಿ ಕರಗಿಸಿ, ಕೊಯ್ದ ಕೂಡಲೇ ಹಸಿ ಇರುವಾಗಲೇ ಹಲಗೆಗಳನ್ನು ಅದ್ದಬೇಕು. ನಂತರ ಟಾರ್ಪಾಲು ಮುಚ್ಚಿ ಕೆಲವು ವಾರ ಒಟ್ಟಿಟ್ಟರೆ ಬೋರಾನ್ ಒಳಗಿಳಿಯುತ್ತದೆ. ಆಮೇಲೆ ಮುಚ್ಚಳ ತೆಗೆದು, ಹಲಗೆಗಳ ನಡುವೆ ಪಟ್ಟಿ ಕೊಟ್ಟು ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಸೀಳುತ್ತದೆ. ಬೋರಾನ್ ಮಳೆಗೆ ತೊಳೆದುಹೋಗುವುದರಿಂದ ಇದು ಮಾಡಿನ ಕೆಳಗಿನ ಮರಕ್ಕೆ ಮಾತ್ರ. ಮಳೆ ತಾಗುವ ಮರಕ್ಕೆ ತಾಮ್ರ ಸೇರಿದ ಔಷಧಿ ಬೇಕು. ಮೈಲುತುತ್ತದ ಗುಣವನ್ನು ಬೋರ್ಡೋ ದ್ರಾವಣ ಹೊಡೆಯುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ಔಷಧಿಯಲ್ಲಿ ಒತ್ತಡದ ಯಂತ್ರವೂ ಹೆಚ್ಚಿನ ಜಾಗರೂಕತೆಯೂ ಬೇಕಾಗಿರುವುದರಿಂದ ಸಂಘದ ತೊಟ್ಟಿಯಲ್ಲಿ ಅದನ್ನು ಮಾಡುವ ಯೋಚನೆ ಇಲ್ಲ.

ಚಿತ್ರಗಳಲ್ಲಿ ಕಾಣುವ ದಿಮ್ಮಿಯ ಮೇಲೆ ದಿಮ್ಮಿ ಒಟ್ಟಿದ ಮನೆಯ ಆಸೆ ಕೆಲವು ಯುವಕರಿಗಿದೆ. ಹಿಮ ಬೀಳುವ, ಒರಲೆ ಇಲ್ಲದ ದೇಶಕ್ಕೆ ಅದು ಸರಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಮರದ ಗೋಡೆ ಬಾಳುವುದಿಲ್ಲ. ಮಣ್ಣಿನ ಅಥವಾ ಜಂಬಿಟ್ಟಿಗೆಯ ಗೋಡೆ, ಕಲ್ಲಿನ ಕೂರಿಕೆಯ ಮೇಲೆ ಕಂಬ, ಗೋಡೆಯಿಂದ ಮೂರು ಅಡಿ ಮುಂದೆ ಚಾಚಿದ ಮಾಡು ಎಂಬ ಹಳೆ ಕ್ರಮವೇ ನಮ್ಮ ಸೀಮೆಗೆ ಹೊಂದುವುದು. ಕುಪ್ಪಳಿಯ ಕವಿಮನೆಗೆ ಹೋದವರು ಕಂಬಗಳ ಬುಡ ನೋಡಿ ಬಂದರೆ ಈ ಮಾತು ಅರ್ಥವಾಗುತ್ತದೆ.

ಹಳೆ ಮನೆಯ ಮರ

ಹೊಸ ಮರಕ್ಕಿಂತ ಮೊದಲು ಹಳೆಯದರ ಲೆಕ್ಕ ಆಗಬೇಕು. ಭಾಗವಾದ ತೊಟ್ಟಿಮನೆಗಳ ಕಂಬ, ಬೋದಿಗೆ, ತೊಲೆಗಳನ್ನು ಕೊಳ್ಳಲು ವ್ಯಾಪಾರಿಗಳು ಲಾರಿ ಸಮೇತ ಬರುತ್ತಾರೆ. ಕೈಗೆ ನಗದು ಬರುತ್ತದೆ, ಮೂವರು ದಾಯಾದಿಗಳಿಗೆ ಹಂಚಲು ಸುಲಭ, ಸರಿ. ಆ ಮರ ದೂರದ ಊರಿನ ಹೋಟೆಲಿನ ಶೋಭೆಗೆ ಹೋಗುತ್ತದೆ, ಇತ್ತ ಮಾರಿದವರು ಬಂದ ಹಣದಲ್ಲಿ ತಾರಸಿ ಹಾಕಿಸುತ್ತಾರೆ. ನೂರು ವರ್ಷ ಒಣಗಿ ಕಬ್ಬಿಣದಂತಾದ ಆ ಮರ ಇಂದು ಯಾವ ದುಡ್ಡಿಗೂ ಹೊಸದಾಗಿ ಸಿಗುವಂಥದ್ದಲ್ಲ. ಪಾಲಾಗುವಾಗ ಒಬ್ಬೊಬ್ಬರಿಗೆ ನಾಲ್ಕು ಕಂಬ ಬಂದರೂ ಹೊಸ ಮನೆಯ ಜಗಲಿಗೆ ಅಷ್ಟೇ ಸಾಕು. ಮಾರುವ ಮೊದಲು ಇಷ್ಟನ್ನು ಮನೆಯವರೆಲ್ಲ ಕೂತು ಆಲೋಚಿಸಬೇಕೆಂದು ನಮ್ಮ ಕೋರಿಕೆ.

ತೊಟ್ಟಿಯ ವಿಚಾರ

ಒಬ್ಬ ಸಣ್ಣ ಬೆಳೆಗಾರ ತನ್ನೊಂದು ಮನೆಗಾಗಿ ಅದ್ದುವ ತೊಟ್ಟಿ ಕಟ್ಟಿಸಿ, ಚೀಲಗಟ್ಟಲೆ ಬೋರಾಕ್ಸ್ ತರುವುದು ಆಗದ ಮಾತು. ಗೊಬ್ಬರದ ಗೋದಾಮಿನ ಹಿಂದೆ ಶೆಡ್ಡಿನಡಿ ಒಂದು ತೊಟ್ಟಿ, ಒಣಗಿಸಲು ಒಂದು ಚಪ್ಪರ ಇದ್ದರೆ ಹತ್ತಾರು ಸದಸ್ಯರು ಸರದಿಯಂತೆ ಬಳಸಬಹುದು. ಔಷಧಿಯ ಖರ್ಚನ್ನು ಘನ ಅಡಿಯ ಮೇಲೆ ವಸೂಲು ಮಾಡುವುದೆಂದು ಆಡಳಿತ ಮಂಡಲಿಯ ಸಲಹೆ. ಗೋದಾಮಿನ ಪಕ್ಕದ ಬಾವಿಗೆ ತೊಟ್ಟಿಯ ನೀರು ಸೋರದಂತೆ ಏನು ಮಾಡುವಿರೆಂದು ಒಬ್ಬ ಸದಸ್ಯರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ತೊಟ್ಟಿಯನ್ನು ಬಾವಿಯಿಂದ ದೂರ, ನೆಲಮಟ್ಟದ ಮೇಲೆ ಕಟ್ಟಿ ಸುತ್ತ ಕಟ್ಟೆ ಹಾಕುವ ನಕ್ಷೆಯನ್ನು ಸಭೆಯಲ್ಲಿ ಇಡಲಾಗುವುದು.

ಮರ ಕಡಿಯಲು ಕೊಯ್ಲು ಮುಗಿದ ಮೇಲಿನ ಬೇಸಿಗೆಯೇ ತಕ್ಕ ಕಾಲ, ಮಳೆಗೆ ಮುಂಚೆ ಹಲಗೆ ಒಣಗುತ್ತದೆ. ಮುಂದಿನ ವರ್ಷ ಮನೆ ಕಟ್ಟುವ ಯೋಚನೆ ಇರುವ ಸದಸ್ಯರು ಈ ಸಲದ ಮರಗಸಿಯಲ್ಲೇ ತೆಗೆಯಬೇಕಾದ ಮರಗಳಿಗೆ ಗುರುತು ಹಾಕಿಸಿ, ಎದೆಮಟ್ಟದ ಸುತ್ತಳತೆ ಮತ್ತು ನೆಟ್ಟಗಿರುವ ಉದ್ದವನ್ನು ಒಂದು ಚೀಟಿಯಲ್ಲಿ ಬರೆದು ಸಭೆಗೆ ಮೊದಲು ಕಚೇರಿಗೆ ತಲುಪಿಸಬೇಕಾಗಿ ವಿನಂತಿ. ತೊಟ್ಟಿಯ ಉದ್ದ 12 ಅಡಿ ಸಾಕೋ, 16 ಬೇಕೋ ಎಂಬುದು ಆ ಚೀಟಿಗಳಿಂದಲೇ ತೀರ್ಮಾನವಾಗಬೇಕಾಗಿದೆ.