ನೀರನ್ನು ತೊಳೆಯುವ ನೆಲ

ಮಳೆಗಾಲದಲ್ಲಿ ಹಳ್ಳದ ಕೆಂಪು ನೀರನ್ನು ಗಾಜಿನ ಲೋಟವೊಂದರಲ್ಲಿ ತುಂಬಿ, ಅಲುಗಾಡದಂತೆ ಮೇಜಿನ ಮೇಲೆ ಇಟ್ಟು ನೋಡೋಣ. ಮರಳು ಕ್ಷಣಮಾತ್ರದಲ್ಲಿ ತಳ ಸೇರುತ್ತದೆ. ನವುರಾದ ಗೋಡು ಇಳಿಯಲು ಅರ್ಧ ಗಂಟೆಯಾದರೂ ಬೇಕು. ಜೇಡಿಯ ಕದಡು ಮಾತ್ರ ಮರುದಿನವೂ ಪೂರ್ಣವಾಗಿ ಅಡಗಿರುವುದಿಲ್ಲ. ನೀರು ತಿಳಿಯಾಗಬೇಕಾದರೆ ಅದಕ್ಕೆ ಮೊದಲು ವಿಶ್ರಾಂತಿ ಬೇಕು. ಈ ಪ್ರಯೋಗ ಕಲಿಸುವ ಪಾಠ ಇದು.

ಎಷ್ಟು ವಿಶ್ರಾಂತಿ? ಇದಕ್ಕೆ ಉತ್ತರ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದ ನಿಯಮದಲ್ಲುಂಟು. ಸೂಕ್ಷ್ಮ ಕಣವು ದ್ರವದಲ್ಲಿ ಇಳಿಯುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಪಾತವಾಗಿರುತ್ತದೆ. ವ್ಯಾಸವು ಹತ್ತರಲ್ಲೊಂದು ಪಾಲಾದರೆ ವೇಗವು ನೂರರಲ್ಲೊಂದು ಪಾಲಾಗುತ್ತದೆ. ಲೆಕ್ಕ ಹಾಕಿದರೆ, 0.01 ಮಿಲಿಮೀಟರ್ ವ್ಯಾಸದ ಕಣವು ನಿಶ್ಚಲವಾದ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಮೂರು ಗಂಟೆ ಸಾಕು, 0.001 ಮಿಲಿಮೀಟರ್ ವ್ಯಾಸದ ಕಣಕ್ಕೆ ಹನ್ನೆರಡು ದಿನಗಳಿಗೂ ಹೆಚ್ಚು ಕಾಲ ಬೇಕು!

ಓಡುವ ಹಳ್ಳಕ್ಕೆ ಇಷ್ಟು ಬಿಡುವೆಲ್ಲಿಯದು? ಅದನ್ನು ಒದಗಿಸುವುದೇ ಜೌಗು ಭೂಮಿ. ಕಾಲುವೆಯು ಕೆರೆಯನ್ನು ಕೂಡುವ ಎಡೆಯಲ್ಲಿ ಜೊಂಡು, ಆಪು ಬೆಳೆದ ಕೆಸರು ನೆಲವನ್ನು ನಾವೆಲ್ಲರೂ ಕಂಡಿದ್ದೇವೆ. ಸೊಳ್ಳೆಗಳ ತವರೆಂದು ಮೂಗು ಮುರಿದೂ ಇದ್ದೇವೆ. ಅಲ್ಲಿ ಸಾವಿರಾರು ಕಾಂಡಗಳು ಹರಿವಿಗೆ ಅಡ್ಡ ನಿಂತು ಅದರ ವೇಗವನ್ನು ಕುಗ್ಗಿಸುತ್ತವೆ. ಹೊತ್ತು ತಂದ ಮಣ್ಣನ್ನು ನೀರು ಅಲ್ಲಿಯೇ ಇಳಿಸಿ ಮುಂದೆ ಸಾಗುತ್ತದೆ.

ಆದರೆ ಕರಗಿದ ಕೊಳೆಯು ತಾನಾಗಿ ತಳಕ್ಕಿಳಿಯದು. ಆ ಕೆಲಸ ಬ್ಯಾಕ್ಟೀರಿಯಗಳದು. ನೀರಿನೊಳಗಿನ ಕಾಂಡ, ಬೇರುಗಳ ಮೇಲೆ ಲೋಳೆಯಂತೆ ಹಬ್ಬಿಕೊಂಡು ಅವು ಕೊಳೆಯನ್ನು ಜೀರ್ಣಿಸುತ್ತವೆ. ಜೊಂಡಿನ ಕಾಂಡದೊಳಗೆ ಗಾಳಿಯಾಡುವ ನಾಳಗಳಿದ್ದು, ಅವುಗಳ ಮೂಲಕ ಆಮ್ಲಜನಕವು ಬೇರನ್ನು ಮುಟ್ಟುತ್ತದೆ. ಗಾಳಿ ತಲುಪದ ಆಳದ ಕೆಸರಿನಲ್ಲಿ ಬೇರೊಂದು ಬಗೆಯ ಬ್ಯಾಕ್ಟೀರಿಯಗಳು ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿ ವಾಯುಮಂಡಲಕ್ಕೆ ಹಿಂದಿರುಗಿಸುತ್ತವೆ. ಇವೆಲ್ಲವೂ ಕೂಲಿಯಿಲ್ಲದೆ ನಡೆಯುವ ಕೆಲಸವಷ್ಟೆ!

ಹಾಗಾದರೆ ಎಷ್ಟು ಕೊಳೆಯನ್ನಾದರೂ ಕೆರೆಗೆ ಹರಿಸಬಹುದೆ? ಸಲ್ಲದು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 25 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರು ಗಾಳಿಯಿಂದ ಕರಗಿಸಿಕೊಳ್ಳುವುದು ಸುಮಾರು 8 ಮಿಲಿಗ್ರಾಂ ಮಾತ್ರ. ಮನೆಗಳ ಒಂದು ಲೀಟರ್ ಕೊಳಚೆಯನ್ನು ಜೀರ್ಣಿಸಲಾದರೋ 200 ಮಿಲಿಗ್ರಾಂನಷ್ಟು ಬೇಕಾದೀತು. ಸಾಲ ಹೀಗೆ ಬೆಳೆದರೆ ನೀರು ಉಸಿರುಗಟ್ಟುತ್ತದೆ, ಮೀನುಗಳು ಸಾಯುತ್ತವೆ.

ಸುಮಾರು 900 ಎಕರೆ ವಿಸ್ತಾರದ ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಒದಗಿದುದು ಇದೇ ಗತಿ. ನಗರದ ಕೊಳಚೆಯೊಡನೆ ಬಂದ ಮಾರ್ಜಕಗಳು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿದವು. ಕೋಡಿಯಲ್ಲಿ ಧುಮುಕಿದ ನೀರು ಗಾಳಿಯೊಡನೆ ಬೆರೆತು ಬೆಟ್ಟದಂತಹ ನೊರೆಯಾಯಿತು. 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಕೆರೆಯ ಅಂಗಳದ ಬೆಂಕಿಯನ್ನು ಆರಿಸಲು ಸೈನಿಕರೂ ಇಳಿಯಬೇಕಾಯಿತು. ಬೆಂಕಿಯನ್ನು ಆರಿಸಬೇಕಾದ ನೀರೇ ಉರಿದರೆ ಯಾರನ್ನು ಕೂಗುವುದು?

ಅದೇ ನಗರದ ಜಕ್ಕೂರು ಕೆರೆ ಬೇರೊಂದು ದಾರಿಯನ್ನು ತೋರಿಸಿದೆ. ಅಲ್ಲಿ ಕೊಳಚೆಯನ್ನು ಮೊದಲು ಶುದ್ಧೀಕರಣ ಸ್ಥಾವರದಲ್ಲಿ ಸಂಸ್ಕರಿಸಿ, ಬಳಿಕ ಜೊಂಡು ಬೆಳೆಸಿದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡು ಮಾಡಲಾಯಿತು. ಹೆಚ್ಚಿನ ಹೊರೆಯನ್ನು ಯಂತ್ರ ಹೊತ್ತರೆ ಉಳಿದುದನ್ನು ನಿಸರ್ಗ ಹೊರಬಲ್ಲುದು. ಯಂತ್ರವಿಲ್ಲದೆ ಜೌಗಿಗೆ ಅಜೀರ್ಣ. ಜೌಗಿಲ್ಲದೆ ಯಂತ್ರದ ಕೆಲಸ ಅರೆಬರೆ.

ಜೌಗು ಭೂಮಿಗಳ ರಕ್ಷಣೆಗಾಗಿ ಇರಾನಿನ ರಾಮ್ಸಾರ್ ನಗರದಲ್ಲಿ 1971ರ ಫೆಬ್ರವರಿ 2ರಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ನಮ್ಮ ರಂಗನತಿಟ್ಟು 2022ರಲ್ಲಿ ಅದರ ಪಟ್ಟಿಗೆ ಸೇರಿತು. ಆದರೆ ನಮ್ಮೂರ ಕೆರೆಯ ತಲೆಯಲ್ಲಿರುವ ಹೆಸರಿಲ್ಲದ ಜೌಗು ಯಾವ ಪಟ್ಟಿಯಲ್ಲಿಯೂ ಇರಲಾರದು. ಅದನ್ನು ಮಣ್ಣು ತುಂಬಿ ನಿವೇಶನ ಮಾಡುವುದು ಒಂದು ವಾರದ ಕೆಲಸ. ಆದಕಾರಣ ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ಎರಡು ಲೋಟ ನೀರು ತರಲಿ: ಒಂದು ಜೌಗನ್ನು ಹೊಗುವ ಕಾಲುವೆಯದು, ಇನ್ನೊಂದು ಅದನ್ನು ದಾಟಿ ಬಂದುದು. ಎರಡನ್ನೂ ಬೆಳಕಿಗೆ ಹಿಡಿದು ನೋಡಿದರೆ ಆ ನೆಲದ ಬೆಲೆ ಏನೆಂಬುದು ಕಣ್ಣಿಗೇ ಕಾಣುವುದು.