ಟವರಿನ ಪೆಟ್ಟಿಗೆಗೆ ಕೀಲಿ ಎಷ್ಟು?

ಮಧುಗಿರಿ ಪೇಟೆಯಲ್ಲಿ ನಿಂತು ಶಿರಾದಲ್ಲಿರುವ ತಂಗಿಗೆ ಫೋನು ಮಾಡಿದರೆ ಮಾತು ನೇರವಾಗಿ ಶಿರಾ ರಸ್ತೆ ಹಿಡಿಯುವುದಿಲ್ಲ. ಮೊದಲು ಹತ್ತಿರದ ಟವರಿಗೆ ಏರುತ್ತದೆ. ಟವರಿನ ತುದಿಯಲ್ಲಿ ಉದ್ದನೆಯ ಬಿಳಿ ಹಲಗೆಯಂತೆ ಕಾಣುವುದು ಆಂಟೆನಾ. ಅದರ ಹತ್ತಿರ ಬಿಗಿದಿರುವ ಪೆಟ್ಟಿಗೆ ರೇಡಿಯೊ ಯೂನಿಟ್. ಬುಡದ ಬೀರುವಿನಲ್ಲಿ ಬ್ಯಾಟರಿಗಳ ಪಕ್ಕ ಕುಳಿತಿರುವ ಇನ್ನೊಂದು ಪೆಟ್ಟಿಗೆ ಬೇಸ್‌ಬ್ಯಾಂಡ್, ಅಂದರೆ ಟವರಿನ ಮಿದುಳು. ಅಲ್ಲಿಂದ ನೆಲದಡಿಯ ಫೈಬರಿನಲ್ಲೋ, ಇನ್ನೊಂದು ಟವರಿಗೆ ಮುಖ ಮಾಡಿದ ಮೈಕ್ರೋವೇವ್ ಡಿಶ್ಶಿನಿಂದಲೋ ಮಾತು ಕಂಪನಿಯ ದೊಡ್ಡ ಕೇಂದ್ರ ಮುಟ್ಟಿ, ತಿರುಗಿ ಶಿರಾದ ಟವರಿಗೆ ಬಂದು ತಂಗಿಯ ಫೋನನ್ನು ರಿಂಗಣಿಸುತ್ತದೆ.

ಆ ದೊಡ್ಡ ಕೇಂದ್ರಕ್ಕೆ ಈ ಕೆಲಸದವರು ‘ಕೋರ್’ ಎನ್ನುತ್ತಾರೆ. ಯಾವ ಸಿಮ್ಮು ಯಾರದು, ಅದು ಈಗ ಯಾವ ಟವರಿಗೆ ಸಿಕ್ಕಿಕೊಂಡಿದೆ, ಯಾರು ಯಾರಿಗೆ ಎಷ್ಟು ಹೊತ್ತು ಮಾತಾಡಿದರು, ಎಲ್ಲವೂ ಅಲ್ಲಿ ದಾಖಲು. ಪಾವಗಡ ತಾಲ್ಲೂಕಿನ ಗಡಿ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂರು ಕಡೆಯೂ ಆಂಧ್ರ ಸುತ್ತಿರುವ ಆ ತಾಲ್ಲೂಕಿನಲ್ಲಿ ಹೊಲದ ಈ ಬದುವಿನಿಂದ ಆ ಬದುವಿಗೆ ಹೋಗುವಷ್ಟರಲ್ಲಿ ಫೋನು ಪಕ್ಕದ ರಾಜ್ಯದ ಟವರು ಹಿಡಿದುಬಿಡಬಹುದು. ನೀವು ಗಡಿ ದಾಟಿದಿರೋ ಇಲ್ಲವೋ, ನಿಮ್ಮ ಸಿಮ್ಮು ದಾಟಿದ್ದು ಕೋರ್‌ಗೆ ಗೊತ್ತಾಗುತ್ತದೆ.

ಹೀಗಿರುವಾಗ ಆ ಪೆಟ್ಟಿಗೆಗಳನ್ನು ಮಾಡಿದವರು ಯಾರು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಜಗತ್ತಿಗೆಲ್ಲ ಟವರ್ ಉಪಕರಣ ಒದಗಿಸುವ ದೊಡ್ಡ ಕಂಪನಿಗಳು ಬೆರಳೆಣಿಕೆಯಷ್ಟು: ಚೀನಾದ ಹುವಾವೇ ಮತ್ತು ಝಡ್‌ಟಿಇ, ಸ್ವೀಡನ್ನಿನ ಎರಿಕ್ಸನ್, ಫಿನ್ಲೆಂಡಿನ ನೋಕಿಯಾ, ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್. ನಮ್ಮ ಕಂಪನಿಗಳು ಹಲವು ವರ್ಷ ಈ ಎಲ್ಲರಿಂದಲೂ ಕೊಂಡಿವೆ.

ಪೆಟ್ಟಿಗೆ ಕೊಂಡ ಮೇಲೆ ಅದು ಪೂರ್ತಿ ನಮ್ಮದಾಯಿತು ಎಂದುಕೊಂಡರೆ ತಪ್ಪು. ಪಂಪ್‌ಸೆಟ್ಟು ಕೊಂಡರೆ ಮಾರಿದವನಿಗೂ ಅದಕ್ಕೂ ಸಂಬಂಧ ಮುಗಿಯಿತು, ಕೆಟ್ಟರೆ ಊರಿನ ಮೆಕ್ಯಾನಿಕ್ ಬಿಚ್ಚುತ್ತಾನೆ. ಟವರಿನ ಪೆಟ್ಟಿಗೆ ಹಾಗಲ್ಲ. ಅದರೊಳಗೆ ಓಡುವುದು ಲಕ್ಷಾಂತರ ಸಾಲುಗಳ ಸಾಫ್ಟ್‌ವೇರ್. ಅದಕ್ಕೆ ಮತ್ತೆ ಮತ್ತೆ ಅಪ್‌ಡೇಟ್ ಬರುತ್ತಿರಬೇಕು. ದೋಷ ಬಂದರೆ ತಯಾರಕರ ಎಂಜಿನಿಯರು ಎಲ್ಲೋ ಕುಳಿತು ದೂರದಿಂದಲೇ ಒಳಗೆ ಲಾಗಿನ್ ಆಗಿ ಸರಿಮಾಡುತ್ತಾರೆ. ಸಾವಿರಾರು ಟವರುಗಳನ್ನು ಒಂದೇ ಪರದೆಯಿಂದ ಆಡಿಸುವ ನಿರ್ವಹಣಾ ವ್ಯವಸ್ಥೆಯೂ ಬಹುಪಾಲು ಅದೇ ತಯಾರಕರದ್ದು. ಅಂದರೆ ಬೀಗ ಮಾರಿದವನ ಹತ್ತಿರ ಇನ್ನೊಂದು ಕೀಲಿ ಉಳಿದೇ ಇರುತ್ತದೆ, ಮತ್ತು ಅದು ಉಳಿದಿರಬೇಕೆಂದು ನಾವೇ ಒಪ್ಪಂದ ಬರೆದುಕೊಟ್ಟಿರುತ್ತೇವೆ. ಭದ್ರತೆಯ ಚರ್ಚೆಯೆಲ್ಲ ಸುತ್ತುವುದು ಈ ಕೀಲಿಯ ಸುತ್ತ.

ಭಯ ಮೂರು ಬಗೆಯದು. ಕದ್ದು ಕೇಳುವುದು, ಬೇಕೆಂದಾಗ ನಿಲ್ಲಿಸಿಬಿಡುವುದು, ಬಿಡಿಭಾಗ ಮತ್ತು ಅಪ್‌ಡೇಟ್ ತಡೆದು ಕೈ ಕಟ್ಟಿಹಾಕುವುದು. ಜನ ಮೊದಲನೆಯದನ್ನೇ ಹೆಚ್ಚು ಮಾತಾಡುತ್ತಾರೆ. ನನಗೆ ಎರಡನೆಯದು ಹೆಚ್ಚು ಕಾಡುತ್ತದೆ. ಕಾರಣವನ್ನು ಪಾವಗಡದ ಮಾತು ಬಂದಾಗ ಹೇಳುತ್ತೇನೆ, ಅದಕ್ಕೂ ಮೊದಲು ಕದ್ದು ಕೇಳಿದ ಒಂದು ನಿಜ ಪ್ರಸಂಗ.

2004ರ ಬೇಸಿಗೆ, ಗ್ರೀಸ್ ದೇಶ. ಅಥೆನ್ಸ್ ಒಲಿಂಪಿಕ್ಸ್ ನಡೆದ ವರ್ಷ. ಅಲ್ಲಿನ ವೊಡಾಫೋನ್ ಜಾಲದಲ್ಲಿದ್ದ ಎರಿಕ್ಸನ್ ಸ್ವಿಚ್‌ಗಳೊಳಗೆ, ಅಂದರೆ ಕರೆ ಜೋಡಿಸುವ ಕಂಪ್ಯೂಟರುಗಳೊಳಗೆ, ಯಾರೋ ಕಳ್ಳ ಸಾಫ್ಟ್‌ವೇರ್ ಸೇರಿಸಿದರು. ಪ್ರಧಾನಿ ಕೋಸ್ತಾಸ್ ಕರಮಾನ್ಲಿಸ್ ಸೇರಿದಂತೆ ನೂರಕ್ಕೂ ಹೆಚ್ಚು ಮಂದಿಯ ಮಾತು ನಕಲಾಗಿ ಬೇರೆ ಫೋನುಗಳಿಗೆ ಹರಿಯತೊಡಗಿತು. ಕಂಪನಿಗೆ ಪತ್ತೆಯಾದದ್ದು 2005ರ ಮಾರ್ಚಿನಲ್ಲಿ, ಅದೂ ಕಳ್ಳರು ತಮ್ಮ ಸಾಫ್ಟ್‌ವೇರನ್ನು ಬದಲಿಸಲು ಹೋಗಿ ಕೆಲವರ ಎಸ್‌ಎಂಎಸ್ ತಲುಪದೆ ದೂರು ಬಂದದ್ದರಿಂದ. ಕಳ್ಳರು ಹೊಸ ಬಾಗಿಲು ಕೊರೆದಿರಲಿಲ್ಲ. ಕೋರ್ಟು, ಪೊಲೀಸರ ಆದೇಶ ಬಂದರೆ ಕರೆ ಆಲಿಸಲು ಅನುವಾಗಲೆಂದು ಪ್ರತಿ ಸ್ವಿಚ್ಚಿನಲ್ಲೂ ಕಾನೂನುಬದ್ಧ ಸೌಲಭ್ಯವೊಂದು ಇರುತ್ತದೆ. ಗ್ರೀಸಿನ ಕಂಪನಿ ಅದನ್ನು ನಿಯಂತ್ರಿಸುವ ಭಾಗವನ್ನು ಕೊಂಡಿರಲಿಲ್ಲ, ಆದರೆ ಸೌಲಭ್ಯ ಮಾತ್ರ ಒಂದು ಅಪ್‌ಡೇಟ್ ಜೊತೆ ಒಳಗೆ ಬಂದು ಕುಳಿತಿತ್ತು. ಕಳ್ಳರು ಅದನ್ನೇ ಬಳಸಿದರು. ತಯಾರಕ ಕಂಪನಿ ಯಾವ ಶತ್ರು ದೇಶದ್ದೂ ಅಲ್ಲ ಎಂಬುದನ್ನು ಇಲ್ಲಿ ಮರೆಯಬಾರದು.

ಚೀನಾದ ಕಂಪನಿಗಳ ಮೇಲೆ ಪ್ರತ್ಯೇಕ ಅನುಮಾನ ಏಕೆ? 2017ರಲ್ಲಿ ಬಂದ ಅಲ್ಲಿನ ರಾಷ್ಟ್ರೀಯ ಗುಪ್ತಚರ ಕಾನೂನು ಸಂಸ್ಥೆಗಳೂ ನಾಗರಿಕರೂ ಸರ್ಕಾರದ ಗುಪ್ತಚರ ಕೆಲಸಕ್ಕೆ ಸಹಕರಿಸಬೇಕು ಎನ್ನುತ್ತದೆ. ಕೇಳಿದರೆ ಕಂಪನಿ ಇಲ್ಲವೆನ್ನಲು ಆಗುತ್ತದೆಯೇ ಎಂಬುದು ಪ್ರಶ್ನೆ. ಹುವಾವೇ ತಾನು ಯಾರಿಗೂ ಬೇಹುಗಾರಿಕೆ ಮಾಡಿಲ್ಲ ಎಂದು ಹೇಳುತ್ತಲೇ ಬಂದಿದೆ. 2018ರಲ್ಲಿ ಆಸ್ಟ್ರೇಲಿಯಾ 5ಜಿಯಿಂದ ಅದನ್ನು ದೂರವಿಟ್ಟಿತು. 2020ರಲ್ಲಿ ಬ್ರಿಟನ್, 2027ರೊಳಗೆ ತನ್ನ 5ಜಿ ಜಾಲದಿಂದ ಪೂರ್ತಿ ತೆಗೆಯುವುದಾಗಿ ಹೇಳಿತು. ಅಮೆರಿಕದ್ದೂ ಇದೇ ಹಾದಿ. ಆದರೆ ಅಮೆರಿಕದ ಬೇಹುಗಾರಿಕೆ ಸಂಸ್ಥೆಗೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಹೊರತಂದ ಕಾಗದಗಳಲ್ಲಿ, ಆ ಸಂಸ್ಥೆ ಹೊರದೇಶಕ್ಕೆ ಹೊರಟ ರೌಟರುಗಳ ಪೆಟ್ಟಿಗೆಯನ್ನು ದಾರಿಯಲ್ಲೇ ಬಿಚ್ಚಿ ತನ್ನ ಸಾಧನ ಸೇರಿಸಿ ಮತ್ತೆ ಅಂಟಿಸಿ ಕಳುಹಿಸುತ್ತಿದ್ದ ಸಂಗತಿಯೂ ಇತ್ತು.

‘ಬಿಚ್ಚಿ ಪರೀಕ್ಷೆ ಮಾಡಿದರಾಯಿತಲ್ಲ’ ಎನ್ನುವವರಿಗೆ ಬ್ರಿಟನ್ನಿನ ಬ್ಯಾನ್‌ಬರಿ ಊರಿನ ಕಥೆ ಹೇಳಬೇಕು. ಹುವಾವೇ ಉಪಕರಣಗಳನ್ನು ಪರೀಕ್ಷಿಸಲೆಂದೇ 2010ರಲ್ಲಿ ಅಲ್ಲೊಂದು ಕೇಂದ್ರ ತೆರೆದರು. ಕಂಪನಿ ತನ್ನ ಮೂಲ ಕೋಡನ್ನೇ ತೋರಿಸಿತು. ಪರಿಣತರು ವರ್ಷಗಟ್ಟಲೆ ಕುಳಿತು ಓದಿದರು. 2019ರ ವರದಿ ಚೀನಾ ಸರ್ಕಾರದ ಕೈವಾಡವನ್ನು ಎತ್ತಿ ಹೇಳಲಿಲ್ಲ, ಕೋಡ್ ಬರೆದ ರೀತಿಯೇ ಅಚ್ಚುಕಟ್ಟಿಲ್ಲದೆ ದೋಷಗಳಿಂದ ತುಂಬಿದೆ ಎಂದಿತು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ತಾವು ಓದಿದ ಕೋಡ್‌ನಿಂದಲೇ ಟವರಿನಲ್ಲಿ ಓಡುತ್ತಿರುವ ಸಾಫ್ಟ್‌ವೇರ್ ತಯಾರಾಗಿದೆ ಎಂದು ಖಾತ್ರಿಯಾಗಿ ಹೇಳಲು ಅವರಿಗೆ ಆಗಲಿಲ್ಲ. ಅಡುಗೆಯ ಪಟ್ಟಿ ಓದಿ ಒಪ್ಪಿದ್ದಾಯಿತು, ಬಡಿಸಿದ್ದು ಆ ಪಟ್ಟಿಯ ಅಡುಗೆಯೇ ಎಂದು ತಿಳಿಯುವುದು ಹೇಗೆ? ತಿಳಿದರೂ ಮುಂದಿನ ಅಪ್‌ಡೇಟ್ ಬಂದೊಡನೆ ಎಲ್ಲವನ್ನೂ ಮೊದಲಿನಿಂದ ನೋಡಬೇಕು.

ಇನ್ನು ದುರುದ್ದೇಶವೇ ಇಲ್ಲದೆ ಜಾಲ ಮಲಗುವುದೂ ಉಂಟು. 2018ರ ಡಿಸೆಂಬರ್ 6ರಂದು ಬ್ರಿಟನ್ನಿನ ಓಟು ಮತ್ತು ಜಪಾನಿನ ಸಾಫ್ಟ್‌ಬ್ಯಾಂಕ್ ಜಾಲಗಳು ಒಂದೇ ದಿನ ಕೆಟ್ಟವು. ಎರಿಕ್ಸನ್ ಸಾಫ್ಟ್‌ವೇರಿನ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿದ್ದನ್ನು ಯಾರೂ ಗಮನಿಸಿರಲಿಲ್ಲ, ಅಷ್ಟೇ. ಒಬ್ಬನೇ ತಯಾರಕನ ಮೇಲೆ ಪೂರ್ತಿ ಒರಗಿದರೆ ಆಗುವುದು ಇದು.

ನಮ್ಮ ದೇಶ ಈ ಪ್ರಶ್ನೆಗೆ ಮುಖಾಮುಖಿಯಾದದ್ದು 2010ರಲ್ಲಿ. ಕೆಲವು ತಿಂಗಳು ಚೀನಾ ಉಪಕರಣಗಳ ಖರೀದಿಗೆ ತಡೆ ಬಿತ್ತು. 2011ರ ಮೇ 31ರಂದು ದೂರಸಂಪರ್ಕ ಇಲಾಖೆ ಲೈಸೆನ್ಸ್ ಷರತ್ತು ತಿದ್ದಿ, ಜಾಲದ ಭದ್ರತೆಯ ಹೊಣೆಯನ್ನು ಸೇವಾ ಕಂಪನಿಗಳ ಹೆಗಲಿಗೇ ಹಾಕಿತು. ಲೋಪವಾದರೆ 50 ಕೋಟಿ ರೂಪಾಯಿವರೆಗೆ ದಂಡ. 2013ರ ಏಪ್ರಿಲ್‌ನಿಂದ ಭಾರತದ ಲ್ಯಾಬುಗಳಲ್ಲೇ ಪರೀಕ್ಷೆಯಾಗಬೇಕು ಎಂದೂ ಇತ್ತು. ಆದರೆ ಲ್ಯಾಬುಗಳು ಸಿದ್ಧವಿಲ್ಲದೆ ಆ ಗಡುವು ಮುಂದೆ ಮುಂದೆ ಹೋಯಿತು. ಆ ವರ್ಷಗಳನ್ನು ಕಳೆದುಕೊಂಡದ್ದು ದೊಡ್ಡ ನಷ್ಟವೆಂದೇ ನನ್ನ ಎಣಿಕೆ, ಏಕೆಂದರೆ 4ಜಿ ದೇಶದ ತುಂಬ ಹರಡಿದ್ದು ಆಗಲೇ.

2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ಭಾರತ ಮತ್ತು ಚೀನಾ ಸೈನಿಕರ ಘರ್ಷಣೆ. ಅದೇ ವರ್ಷ ಡಿಸೆಂಬರ್ 16ರಂದು ಕೇಂದ್ರದ ಭದ್ರತಾ ಸಂಪುಟ ಸಮಿತಿ ದೂರಸಂಪರ್ಕ ವಲಯಕ್ಕೊಂದು ರಾಷ್ಟ್ರೀಯ ಭದ್ರತಾ ನಿರ್ದೇಶನ ಒಪ್ಪಿತು. 2021ರ ಜೂನ್ 15ರಿಂದ ಜಾರಿ. ಕೆಲಸ ಮಾಡುವುದು ಹೀಗೆ: ಸೇವಾ ಕಂಪನಿ ಹೊಸ ಉಪಕರಣ ಜೋಡಿಸುವ ಮುನ್ನ ಅದರ ಮತ್ತು ತಯಾರಕರ ವಿವರವನ್ನು ಸರ್ಕಾರದ ‘ಟ್ರಸ್ಟೆಡ್ ಟೆಲಿಕಾಂ’ ಪೋರ್ಟಲ್‌ಗೆ ಹಾಕಬೇಕು. ಒಳಗಿನ ಮುಖ್ಯ ಬಿಡಿಭಾಗಗಳು ಎಲ್ಲಿಂದ ಬಂದವು ಎಂಬುದನ್ನೂ ತೋರಿಸಬೇಕು. ಉಪ ರಾಷ್ಟ್ರೀಯ ಭದ್ರತಾ ಸಲಹೆಗಾರರ ಅಧ್ಯಕ್ಷತೆಯ ಸಮಿತಿ ನೋಡಿ, ಇದು ‘ನಂಬಲರ್ಹ ಮೂಲ’ ಎಂದರೆ ಮಾತ್ರ ಜೋಡಣೆ. ಯಾವ ದೇಶದ ಹೆಸರನ್ನೂ ಹೇಳಿ ನಿಷೇಧಿಸಲಿಲ್ಲ. ಆಗಲೇ ಟವರುಗಳಲ್ಲಿದ್ದ ಹಳೆಯ ಪೆಟ್ಟಿಗೆಗಳನ್ನು ಕಿತ್ತುಹಾಕಿ ಎಂದೂ ಹೇಳಲಿಲ್ಲ. ಅವುಗಳ ವಾರ್ಷಿಕ ನಿರ್ವಹಣೆ, ಅಪ್‌ಡೇಟ್ ನಡೆಯಬಹುದು. ಹಾಗಾಗಿ ಬದಲಾವಣೆ ಒಂದೇ ಏಟಿಗೆ ಆಗುವಂಥದ್ದಲ್ಲ, ಹಳೆಯ ಪೆಟ್ಟಿಗೆಗೆ ವಯಸ್ಸಾದ ಹಾಗೆಲ್ಲ ಆಗಬೇಕಾದದ್ದು.

ಪರೀಕ್ಷೆಯ ಭಾಗಕ್ಕೆ ಮುಖ್ಯ ಸ್ಥಳ ನಮ್ಮ ಬೆಂಗಳೂರೇ. ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಇರುವುದು ಅಲ್ಲಿ. ಯಾವ ಉಪಕರಣ ಯಾವ ಭದ್ರತಾ ಷರತ್ತು ಪೂರೈಸಬೇಕೆಂದು ಅದು ಬರೆದಿಡುತ್ತದೆ, ಆ ಪ್ರಕಾರ ಲ್ಯಾಬುಗಳು ಪರೀಕ್ಷಿಸುತ್ತವೆ. ಮನೆಗಳ ವೈ-ಫೈ ಪೆಟ್ಟಿಗೆಗಳೂ ಆ ಪಟ್ಟಿಯಲ್ಲಿವೆ.

ನಾವೇ ಮಾಡಿಕೊಳ್ಳುವ ದಾರಿಯೂ ಕರ್ನಾಟಕಕ್ಕೆ ಹೊಸದಲ್ಲ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ, ಹಳ್ಳಿಗಳಿಗೆಂದೇ 128 ಲೈನಿನ ಪುಟ್ಟ ಎಕ್ಸ್‌ಚೇಂಜ್ ರೂಪಿಸಿತು. ಏರ್ ಕಂಡೀಷನ್ ಬೇಡ, ಬಿಸಿಲು ಧೂಳು ತಡೆಯುತ್ತದೆ. 1986ರಲ್ಲಿ ಅದು ಕೆಲಸ ಶುರುಮಾಡಿದ್ದು ಕಿತ್ತೂರಿನಲ್ಲಿ. ಈಗ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಗೆ ಕೋರ್ ಸಿ-ಡಾಟ್‌ನದು, ಟವರಿನ ರೇಡಿಯೊ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಜೋಡಿಸಿದ್ದು ಟಿಸಿಎಸ್. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರಸುಗುಡದಲ್ಲಿ ಪ್ರಧಾನಿ ಇದಕ್ಕೆ ಚಾಲನೆ ಕೊಟ್ಟರು. ಒಳಗಿನ ಚಿಪ್ಪುಗಳು ಈಗಲೂ ಬಹುಪಾಲು ಹೊರದೇಶದವೇ. ಆದರೂ ಸಾಫ್ಟ್‌ವೇರ್ ಬರೆದವರು, ಅಪ್‌ಡೇಟ್ ಕಳಿಸುವವರು ಇಲ್ಲೇ ಇದ್ದಾರೆ. ಕೀಲಿಯ ಲೆಕ್ಕದಲ್ಲಿ ಇದು ಸಣ್ಣ ಗಳಿಕೆಯಲ್ಲ. ಬಿಎಸ್‌ಎನ್‌ಎಲ್ ಗ್ರಾಹಕರು ಇದಕ್ಕಾಗಿ ವರ್ಷಗಟ್ಟಲೆ ನಿಧಾನದ ಇಂಟರ್‌ನೆಟ್ ಸಹಿಸಿದ್ದಾರೆ, ಆ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ಪಾವಗಡ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಸುತ್ತಿನ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಅದಕ್ಕೂ ಫೋನಿನ ಪೆಟ್ಟಿಗೆಗೂ ಏನು ಸಂಬಂಧ? ಫಲಕದಿಂದ ಹೊರಡುವುದು ಡಿಸಿ ಕರೆಂಟು. ಅದನ್ನು ಗ್ರಿಡ್‌ಗೆ ಹೊಂದುವ ಎಸಿ ಮಾಡುವುದು ಇನ್ವರ್ಟರ್. ಇಂದಿನ ಇನ್ವರ್ಟರ್ ಬರೀ ವಿದ್ಯುತ್ ಯಂತ್ರವಲ್ಲ, ಕಂಪ್ಯೂಟರೂ ಹೌದು, ಮೋಡೆಮ್ಮೂ ಹೌದು. ಎಷ್ಟು ಯೂನಿಟ್ ಬಂತು, ಎಷ್ಟು ಬಿಸಿಯಾಯಿತು ಎಂದು ಹೊರಗೆ ಹೇಳುತ್ತದೆ. ಹೊರಗಿನಿಂದ ಬಂದ ಆಜ್ಞೆ ಕೇಳಿ ಉತ್ಪಾದನೆ ತಗ್ಗಿಸುತ್ತದೆ, ನಿಲ್ಲಿಸುತ್ತದೆ. ಜಗತ್ತಿನ ಇನ್ವರ್ಟರುಗಳಲ್ಲಿ ದೊಡ್ಡ ಪಾಲು ಚೀನಾದಲ್ಲಿ ತಯಾರಾದದ್ದು, ಹುವಾವೇ ಅದರಲ್ಲೂ ದೊಡ್ಡ ಹೆಸರು.

ಗ್ರಿಡ್ 50 ಹರ್ಟ್ಜ್ ಲಯದಲ್ಲಿ ನಿಂತಿರುತ್ತದೆ. ಬೇಡಿಕೆ ಮತ್ತು ಉತ್ಪಾದನೆ ಪ್ರತಿ ಕ್ಷಣವೂ ಸಮನಾಗಿರಬೇಕು. ಮೋಡ ಕವಿದರೆ ಸೋಲಾರ್ ಇಳಿಯುವುದು ನಿಧಾನಕ್ಕೆ, ಅದಕ್ಕೆ ಗ್ರಿಡ್ ನಡೆಸುವವರು ಅಣಿಯಾಗಿರುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಒಂದೇ ಆಜ್ಞೆಗೆ ಸಾವಿರಾರು ಇನ್ವರ್ಟರುಗಳು ಒಟ್ಟಿಗೆ ಕೈಬಿಟ್ಟರೆ ಲಯ ಕುಸಿಯುತ್ತದೆ. ನನ್ನ ಅಂಜಿಕೆ ಇದೇ. ಕರೆಂಟು ಹೋದ ಮೇಲೆ ಟವರಿನ ಬ್ಯಾಟರಿ ಕೆಲವೇ ಗಂಟೆ ತಡೆಯುತ್ತದೆ, ಆಮೇಲೆ ಫೋನೂ ಇಲ್ಲ.

ಇದು ಬರೀ ಕಲ್ಪನೆಯಲ್ಲ. 2024ರ ನವೆಂಬರ್‌ನಲ್ಲಿ ಅಮೆರಿಕದ ಕೆಲವರ ಇನ್ವರ್ಟರುಗಳು ಚೀನಾದಿಂದಲೇ ನಿಷ್ಕ್ರಿಯಗೊಂಡವು. ಹಿಂದೆ ಇದ್ದದ್ದು ಯುದ್ಧವಲ್ಲ, ತಯಾರಕರಿಗೂ ಮಾರಾಟಗಾರರಿಗೂ ನಡುವಿನ ವ್ಯಾಪಾರದ ಜಗಳ. ಅದೇ ತಿಂಗಳು ಲಿಥುವೇನಿಯಾ, 100 ಕಿಲೋವ್ಯಾಟ್‌ಗಿಂತ ದೊಡ್ಡ ಸೋಲಾರ್ ಸ್ಥಾವರಗಳಿಗೆ ಚೀನಾದಿಂದ ದೂರನಿಯಂತ್ರಣ ಸಿಗದಂತೆ ಕಾನೂನು ಮಾಡಿತು. ನಮ್ಮ ಇಂಧನ ಸಚಿವಾಲಯ 2020ರ ಜುಲೈ 2ರಂದೇ, ಆಮದಾಗುವ ವಿದ್ಯುತ್ ಉಪಕರಣಗಳಲ್ಲಿ ದುಷ್ಟ ಸಾಫ್ಟ್‌ವೇರ್ ಅಡಗಿದೆಯೇ ಎಂದು ಪರೀಕ್ಷಿಸಬೇಕೆಂದು ಆದೇಶಿಸಿತ್ತು. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸೈಬರ್ ಮಾರ್ಗಸೂಚಿಯೂ ಬಂತು. ಯಂತ್ರ ಆಡಿಸುವ ಜಾಲವನ್ನು ಇಂಟರ್‌ನೆಟ್‌ನಿಂದ ಬೇರೆಯಾಗಿಡಿ ಎನ್ನುವುದು ಅದರ ತಿರುಳುಗಳಲ್ಲೊಂದು. ನನಗೆ ಇದು ಸರಿಯಾದ ದಾರಿಯಾಗಿ ಕಾಣುತ್ತದೆ: ಪೆಟ್ಟಿಗೆ ಎಲ್ಲಿಯದೇ ಇರಲಿ, ಅದರ ಮಾತುಕತೆ ನಮ್ಮ ಬೇಲಿಯೊಳಗೆ ಮುಗಿಯಲಿ. ಹೊರಗೆ ಹೋಗುವುದಿದ್ದರೆ ಅಂಕಿಯಷ್ಟೇ ಹೋಗಲಿ, ಆಜ್ಞೆ ಒಳಗೆ ಬಾರದಿರಲಿ.

ಇದೇ ಲೆಕ್ಕ ನಮ್ಮ ಮನೆ, ಅಂಗಡಿಗೂ ನಡೆಯುತ್ತದೆ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ಸಾಫ್ಟ್‌ವೇರ್, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಕ್ಯಾಮೆರಾ, ರೌಟರುಗಳನ್ನು ಲಕ್ಷಗಟ್ಟಲೆ ಹಿಡಿದು, ಅವುಗಳಿಂದಲೇ ಅಮೆರಿಕದಲ್ಲಿ ದೊಡ್ಡ ವೆಬ್‌ಸೈಟುಗಳನ್ನು ಮಲಗಿಸಿತು. ಭಾರತದಲ್ಲಿ 2025ರ ಏಪ್ರಿಲ್ 9ರಿಂದ ಹೊಸ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ. ಕೊಳ್ಳುವಾಗ ಆ ಮಾಡೆಲ್‌ಗೆ ಈ ಪರೀಕ್ಷೆ ಪಾಸಾದ ಎಸ್‌ಟಿಕ್ಯೂಸಿ ಪ್ರಮಾಣಪತ್ರ ಇದೆಯೇ ಎಂದು ಅಂಗಡಿಯಲ್ಲೇ ಕೇಳಿ. ರೌಟರಿನ ತಳದ ಚೀಟಿಯಲ್ಲಿ ಅಚ್ಚಾದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ನಮ್ಮೂರುಗಳಲ್ಲಿ ಆಗಾಗ ಕಾಣುವುದು ಇನ್ನೊಂದು: ಕ್ಯಾಮೆರಾ ಅಥವಾ ಸೂರಿನ ಮೇಲಿನ ಸೋಲಾರ್ ಅಳವಡಿಸಿದ ಹುಡುಗ ಆ್ಯಪ್ ಖಾತೆಯನ್ನು ತನ್ನ ಮೊಬೈಲ್ ನಂಬರಿನಲ್ಲೇ ತೆರೆದು, ಮಾಲೀಕರಿಗೆ ಬರೀ ನೋಡುವ ಅನುಮತಿ ಹಂಚಿ ಹೋಗಿರುತ್ತಾನೆ. ದುಡ್ಡಿನ ಕೊನೆಯ ಕಂತು ಕೊಡುವ ಮುನ್ನ ಅವನನ್ನು ಕೂರಿಸಿಕೊಂಡು, ಖಾತೆಯನ್ನು ನಿಮ್ಮ ನಂಬರಿಗೆ ಮಾಡಿಸಿಕೊಳ್ಳಿ. ಅವನ ಫೋನಿನಲ್ಲಿ ನಿಮ್ಮ ಅಂಗಡಿ ಕಾಣದಂತಾದದ್ದನ್ನು ಕಣ್ಣಾರೆ ನೋಡಿದ ಮೇಲೆ ದುಡ್ಡು ಎಣಿಸಿ.