ಮರದ ಕನ್ನಡಿ ಚೌಕಟ್ಟು: ನಕ್ಷೆಯಲ್ಲಿಯೇ ನಿರ್ಧಾರವಾಗುವ ವೆಚ್ಚ

ಸಾಗರ, ಸೊರಬ ಭಾಗದ ಗುಡಿಗಾರರ ಕುಶಲತೆಯೆಂದೊಡನೆ ಗಂಧದ ಪೆಟ್ಟಿಗೆ, ದೇವರ ವಿಗ್ರಹಗಳು ನೆನಪಿಗೆ ಬರುತ್ತವೆ. ಶಿವನಿ ಅಥವಾ ಸಾಗುವಾನಿ ಮರದಲ್ಲಿ ಕೆತ್ತಿದ ಕನ್ನಡಿ ಚೌಕಟ್ಟು ಅವುಗಳ ಮುಂದೆ ಸಾಮಾನ್ಯ ವಸ್ತುವೆನಿಸಬಹುದು. ನಾಲ್ಕು ಪಟ್ಟಿ, ನಾಲ್ಕು ಮೂಲೆ, ನಡುವೆ ಒಂದು ಗಾಜು. ಆದರೂ ಇದರ ಬೆಲೆ ಕಟ್ಟುವಲ್ಲಿ ಅನುಭವಿ ತಯಾರಕರೂ ಎಡವುವುದುಂಟು. ನಷ್ಟವು ಸಂಭವಿಸುವುದು ಮಾರಾಟದ ವೇಳೆಯಲ್ಲಲ್ಲ, ಬಹುಪಾಲು ನಕ್ಷೆ ಬರೆಯುವ ವೇಳೆಯಲ್ಲಿ.

18 ಇಂಚು ಅಗಲ, 24 ಇಂಚು ಎತ್ತರದ ಕನ್ನಡಿಗೆ 3 ಇಂಚು ಅಗಲ, 1 ಇಂಚು ದಪ್ಪದ ಚೌಕಟ್ಟು ಬೇಕೆಂದಿಟ್ಟುಕೊಂಡರೆ ಲೆಕ್ಕ ಹೀಗೆ ಸಾಗುತ್ತದೆ. ಗಾಜಿನ ಅಂಚು ಸುತ್ತಲೂ ಕಾಲು ಇಂಚಿನಷ್ಟು ಮರದ ಹಿಂದೆ ಮರೆಯಾಗುವುದರಿಂದ ಚೌಕಟ್ಟಿನ ಹೊರ ಅಳತೆ 23½ × 29½ ಇಂಚು. ನಾಲ್ಕು ಪಟ್ಟಿಗಳ ಒಟ್ಟು ಉದ್ದ 106 ಇಂಚು. ಗರಗಸದ ಕತ್ತರಿಕೆಗೂ ತಿದ್ದುಪಡಿಗೂ ಪಟ್ಟಿಗೊಂದು ಇಂಚು ಸೇರಿದರೆ 110. ಹತ್ತರಿ ಹಿಡಿದು ನಯಗೊಳಿಸಲು ಅಗಲ, ದಪ್ಪಗಳಲ್ಲಿ ಕಾಲು ಇಂಚು ಹೆಚ್ಚು ಇರಬೇಕು. ಹೀಗೆ ಬೇಕಾಗುವ ಮರ ಸುಮಾರು 0.26 ಘನ ಅಡಿ. ಗಂಟು, ಸೀಳು, ಚೇಗಿನ ಹೊರಗಿನ ಬಿಳಿಯ ಭಾಗ ಇವುಗಳಿಗಾಗಿ ಹಲಗೆಯ ಐದನೆಯ ಒಂದು ಭಾಗ ಹೋಯಿತೆಂದರೆ ಕೊಳ್ಳಬೇಕಾದದ್ದು 0.32 ಘನ ಅಡಿ. ಮುಗಿದ ಚೌಕಟ್ಟಿನಲ್ಲಿ ಉಳಿಯುವುದಾದರೋ, ಕೆತ್ತನೆಗೆ ಮುಂಚೆಯೇ, 0.16 ಘನ ಅಡಿ ಮಾತ್ರ. ಅಂದರೆ ಹಣ ಕೊಟ್ಟ ಮರದಲ್ಲಿ ಅರ್ಧ ಮಾತ್ರ ಗ್ರಾಹಕನನ್ನು ತಲುಪುತ್ತದೆ.

ಘನ ಅಡಿಗೆ 2,400 ರೂ. ದರ ಹಿಡಿದರೆ ಮರದ ನಿಜವಾದ ವೆಚ್ಚ 768 ರೂ. ಮುಗಿದ ವಸ್ತುವನ್ನು ಅಳೆದು, ಅದರ ಮೇಲೆ ರೂಢಿಯಂತೆ ಶೇ. 10ರಷ್ಟು ಪೋಲು ಸೇರಿಸುವವನ ಪುಸ್ತಕದಲ್ಲಿ ಅದು ಸುಮಾರು 422 ರೂ. ಎಂದು ತೋರುತ್ತದೆ. ಈ 346 ರೂಪಾಯಿಗಳ ಅಂತರವನ್ನು ಮರದ ವ್ಯಾಪಾರಿ ಬಿಟ್ಟುಕೊಡುವುದಿಲ್ಲ, ಗಾಜಿನ ವ್ಯಾಪಾರಿಯೂ ಬಿಟ್ಟುಕೊಡುವುದಿಲ್ಲ. ಕೊನೆಗೆ ಕಡಿತವಾಗುವುದು ಕೆತ್ತನೆಗಾರನ ಕೂಲಿ. ಈ ಕಸುಬಿನಲ್ಲಿ ಮಗನನ್ನು ಮುಂದುವರಿಸಲು ತಂದೆ ಹಿಂಜರಿಯುವುದಕ್ಕೆ ಇದೂ ಒಂದು ಕಾರಣವೆನ್ನಬೇಕು.

ಪರಿಹಾರವು ಅನೇಕ ವೇಳೆ ಕಾಲು ಇಂಚಿನಲ್ಲಿರುತ್ತದೆ. ಕೈಯಲ್ಲಿರುವ ಹಲಗೆ ಆರೂಕಾಲು ಇಂಚು ಅಗಲವಿದ್ದರೆ 3¼ ಇಂಚಿನ ಎರಡು ಪಟ್ಟಿಗಳು ಅದರಿಂದ ದೊರೆಯುವುದಿಲ್ಲ. ಒಂದು ದೊರೆತು ಉಳಿದದ್ದು ತುಂಡಾಗುತ್ತದೆ. ಚೌಕಟ್ಟಿನ ಅಗಲವನ್ನು 2¾ ಇಂಚಿಗೆ ಇಳಿಸಿದರೆ ಎರಡೂ ದೊರೆಯುತ್ತವೆ. ಗೋಡೆಯ ಮೇಲಿನ ಕನ್ನಡಿಯಲ್ಲಿ ಈ ವ್ಯತ್ಯಾಸವನ್ನು ಗ್ರಾಹಕನು ಗುರುತಿಸಲಾರ. ಆದ್ದರಿಂದ ಹಲಗೆಯ ಅಳತೆ ತಿಳಿದ ಮೇಲೆ ನಕ್ಷೆ ಬರೆಯುವುದು ಲೇಸು.

ಎರಡನೆಯ ನಷ್ಟ ವಾಪಸಾತಿಯದು. ಮರವು ತೇವಕ್ಕೆ ಅನುಗುಣವಾಗಿ ಅಗಲದಲ್ಲಿ ಹಿಗ್ಗಿ ಕುಗ್ಗುತ್ತದೆ; ಉದ್ದದಲ್ಲಿ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ಸರಿಯಾಗಿ ಒಣಗದ ಹಲಗೆಯಿಂದ ಮಾಡಿದ ಚೌಕಟ್ಟು ಬೆಂಗಳೂರಿನ ಹವಾನಿಯಂತ್ರಿತ ಕೊಠಡಿಯನ್ನು ಸೇರಿದ ಕೆಲವು ತಿಂಗಳಲ್ಲಿ, 45 ಡಿಗ್ರಿ ಓರೆಯಾಗಿ ಸೇರಿಸಿದ ಅದರ ಮೂಲೆಗಳು ಒಳಬದಿಯಿಂದ ಬಾಯಿ ಬಿಡುತ್ತವೆ. ಅಂಟು ಎಷ್ಟೇ ಉತ್ತಮವಾಗಿದ್ದರೂ ಕುಗ್ಗುವಿಕೆಯನ್ನು ಅದು ತಡೆಯಲಾರದು. ಮೂಲೆಗೆ ಅಡ್ಡಲಾಗಿ ಸೀಳು ಕೊಯ್ದು ತೆಳುವಾದ ಮರದ ಪಟ್ಟಿ ಸೇರಿಸಿದರೆ ಜೋಡಣೆಗೆ ಬಲ ಬರುತ್ತದೆ. ಗಾಜಿನ ಸುತ್ತ ಅರ್ಧ ಪಾವು, ಅಂದರೆ ಎಂಟನೆಯ ಒಂದು ಇಂಚು, ಸಡಿಲ ಬಿಡಬೇಕು. ಗಾಜು ಮರದೊಡನೆ ಕುಗ್ಗುವುದಿಲ್ಲ. 4 ಮಿ.ಮೀ. ದಪ್ಪದ ಈ ಅಳತೆಯ ಕನ್ನಡಿಯೊಂದೇ 2.8 ಕಿಲೋ ತೂಗುವುದರಿಂದ, ಕೊಕ್ಕೆಗಳನ್ನು ಹಿಂಬದಿಯ ತೆಳು ಪ್ಲೈವುಡ್‌ಗೆ ಹೊಡೆಯದೆ ಚೌಕಟ್ಟಿನ ಮರಕ್ಕೇ ತಿರುಪಿನಿಂದ ಬಿಗಿಯಬೇಕು.

ಕೆತ್ತನೆ ಮೊದಲೋ ಜೋಡಣೆ ಮೊದಲೋ ಎಂಬುದೂ ಹಣದ ಪ್ರಶ್ನೆಯೇ. ಜೋಡಿಸಿದ ಮೇಲೆ ಕೆತ್ತಿದರೆ ಬಳ್ಳಿಯ ವಿನ್ಯಾಸ ಮೂಲೆಯಲ್ಲಿ ತುಂಡಾಗದೆ ಹರಿಯುತ್ತದೆ. ಆದರೆ ಉಳಿ ಜಾರಿದರೆ ಇಡೀ ಚೌಕಟ್ಟೇ ಹಾಳು. ಮೊದಲೇ ಕೆತ್ತಿದರೆ ಹಾಳಾಗುವುದು ಒಂದು ಪಟ್ಟಿ. ನುರಿತ ಕೈಗೆ ಮೊದಲನೆಯ ಕ್ರಮ, ಕಲಿಯುವವನಿಗೆ ಎರಡನೆಯದು ಸೂಕ್ತ.

ಪುಸ್ತಕದಲ್ಲಿ ಇದನ್ನೆಲ್ಲ ಹೇಗೆ ತೋರಿಸಬೇಕು? ದಾಸ್ತಾನು ಮೌಲ್ಯಮಾಪನಕ್ಕೆ ಸಂಬಂಧಿಸಿದ ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಸಹಜ ಪೋಲು ಸರಕಿನ ವೆಚ್ಚದಲ್ಲಿ ಸೇರುತ್ತದೆ. ಅಸಹಜ ಪೋಲು ಆಯಾ ವರ್ಷದ ಲಾಭ-ನಷ್ಟಕ್ಕೆ ಹೋಗುತ್ತದೆ. ಗೋದಾಮಿನ ಖರ್ಚು ಸಾಮಾನ್ಯವಾಗಿ ಸೇರುವುದಿಲ್ಲವಾದರೂ, ಮುಂದಿನ ಹಂತಕ್ಕೆ ಮುನ್ನ ತಯಾರಿಕೆಗೆ ಅಗತ್ಯವಾದ ಸಂಗ್ರಹಣೆಗೆ ವಿನಾಯಿತಿಯಿದೆ. ಮರ ಒಣಗಿಸುವ ಚಪ್ಪರದ ಬಾಡಿಗೆ ಇಂತಹದೇ. ತಿಂಗಳುಗಟ್ಟಲೆ ಒಣಗುವ ಮರದ ಮೇಲೆ ತೊಡಗಿಸಿದ ಹಣದ ಬಡ್ಡಿ ಸಾಮಾನ್ಯವಾಗಿ ದಾಸ್ತಾನಿನ ಮೌಲ್ಯದಲ್ಲಿ ಬಾರದು. ಆದರೆ ಮಾರಾಟದ ಬೆಲೆ ನಿಗದಿಪಡಿಸುವಾಗ ಅದನ್ನು ಬಿಡುವುದು ತಪ್ಪು. ಬ್ಯಾಂಕು ಅದನ್ನು ಬಿಡುವುದಿಲ್ಲವಷ್ಟೆ. ಉಳಿದ ತುಂಡುಗಳಿಂದ ಚಿಕ್ಕ ಫೋಟೋ ಚೌಕಟ್ಟು ಮಾಡುವವರು ಆ ತುಂಡುಗಳ ಮೌಲ್ಯವನ್ನು ಮುಖ್ಯ ವಸ್ತುವಿನ ವೆಚ್ಚದಿಂದ ಕಳೆಯಬಹುದು.

ಕರಕುಶಲ ವಸ್ತುವೆಂದು ಪರಿಗಣಿತವಾದ ಮರದ ಚೌಕಟ್ಟಿಗೆ 2018ರ ಜುಲೈ 27ರಿಂದ ಶೇ. 12ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ಬರಿಯ ಚೌಕಟ್ಟು 4414ರ ಶೀರ್ಷಿಕೆಯಡಿ ಬಂದರೆ, ಗಾಜು ಸೇರಿದ ಅಲಂಕಾರಿಕ ಕನ್ನಡಿ 7009ರಡಿ ಬರುತ್ತದೆ. ಇನ್‌ವಾಯ್ಸ್ ಬರೆಯುವಾಗ ಈ ಭೇದ ಗಮನಿಸಬೇಕು. ಬೀಟೆ ಮರದಲ್ಲಿ ಚೌಕಟ್ಟು ಕೇಳುವ ವಿದೇಶಿ ಗ್ರಾಹಕ ಬಂದರೆ ಇನ್ನೂ ಎಚ್ಚರ ಬೇಕು. ಬೀಟೆ, ಶೀಶಮ್ ಸೇರಿದಂತೆ ಡಾಲ್ಬರ್ಜಿಯಾ ಕುಲವು 2017ರ ಜನವರಿ 2ರಂದು ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿತು. ಮರ ಕೊಂಡ ರಸೀದಿ, ಅರಣ್ಯ ಇಲಾಖೆಯ ಸಾಗಾಣಿಕೆ ರಹದಾರಿ, ರಫ್ತಿಗೆ ಅನ್ವಯಿಸುವ ಪರವಾನಗಿ ಅಥವಾ ವಿನಾಯಿತಿ ಇವನ್ನು ಮುಂಗಡ ಹಣ ಪಡೆಯುವ ಮೊದಲೇ ಪರಿಶೀಲಿಸಿಕೊಳ್ಳತಕ್ಕದ್ದು.